ಮೊದಲು ಅವರನ್ನೇ ಕೇಳಿ

ಅಂಗವೈಕಲ್ಯ ಇರುವವರಿಗೆ ಕೆಲಸ ಕೊಡಿಸುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಓಟಿಸ್ ಜೋರ್ಡನ್ ಅವರ ವಿಷಯ. ಅವರು ಅಮೆರಿಕದ ಸೈಡ್‌ಶೋ ಕಲಾವಿದರು. ಜಾತ್ರೆಗಳಲ್ಲಿ, ಸರ್ಕಸ್‌ನ ದೊಡ್ಡ ಡೇರೆಯ ಪಕ್ಕದಲ್ಲಿ ಬೇರೆ ಟಿಕೆಟ್ ಇಟ್ಟು ನಡೆಸುತ್ತಿದ್ದ ಆಟಗಳೇ ಸೈಡ್‌ಶೋ.

ಜೋರ್ಡನ್ ಅಲ್ಲಿನ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಅವರ ಕೈಕಾಲುಗಳಿಗೆ ಹೆಚ್ಚು ಸ್ವಾಧೀನ ಇರಲಿಲ್ಲ. ಸೈಡ್‌ಶೋದವರು ‘ಕಪ್ಪೆ ಹುಡುಗ’ ಅಂತ ಬೋರ್ಡ್ ಹಾಕಿದ್ದರು. ಕೇಳಿದರೆ ಮೈ ಉರಿಯುತ್ತದೆ, ಅಲ್ವಾ? ಆದರೆ ಸ್ಟೇಜ್ ಮೇಲೆ ಅವರು ಮಾಡುತ್ತಿದ್ದುದು ಪಕ್ಕಾ ಕಸುಬು. ಹೊಗೆಸೊಪ್ಪು, ತೆಳು ಕಾಗದ, ಬೆಂಕಿಕಡ್ಡಿ, ಅಷ್ಟೇ ಸಾಮಾನು. ಬರೀ ತುಟಿ, ನಾಲಿಗೆಯಲ್ಲಿ ಸಿಗರೇಟ್ ಸುತ್ತಿ, ಕೈ ಸೋಕಿಸದೆ ಹಚ್ಚಿ ಸೇದುತ್ತಿದ್ದರು. ಒಂದಿಷ್ಟು ಎಂಜಲು ಜಾಸ್ತಿಯಾದರೂ ಕಾಗದ ಹರಿದುಹೋಗುತ್ತದೆ. ಇಂಥ ಹದ ಸುಮ್ನೆ ಬರುವುದಿಲ್ಲ.

1984ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾತ್ರೆಯಲ್ಲಿ ಮಹಿಳೆಯೊಬ್ಬರು ದೂರು ಕೊಟ್ಟರು. ಅಂಗವಿಕಲರನ್ನು ಹೀಗೆ ತೋರಿಸಿ ದುಡ್ಡು ಮಾಡುವುದು ಅವಮಾನ ಎಂಬುದು ಅವರ ವಾದ. ಮನಸ್ಸು ಒಳ್ಳೆಯದೇ. ಆದರೆ ಪೆಟ್ಟು ಬಿದ್ದದ್ದು ಜೋರ್ಡನ್ ಅವರ ಸಂಪಾದನೆಗೆ. ‘ನಾನೇನು ಸರ್ಕಾರದ ನೆರವಿನ ಮೇಲೆ ಬದುಕಬೇಕಾ?’ ಎಂಬ ಅರ್ಥದಲ್ಲಿ ಅವರು ಕೇಳಿದರು. ಮುಂದೆ ನ್ಯೂಯಾರ್ಕ್ ನಗರದ ಕಡಲತೀರದ ಮೋಜಿನ ತಾಣವಾದ ಕೋನಿ ಐಲೆಂಡ್‌ನಲ್ಲಿ ಅದೇ ಆಟ ಮುಂದುವರಿಸಿದರು.

ಫ್ಲೋರಿಡಾ ರಾಜ್ಯದಲ್ಲಂತೂ ಇಂಥ ಪ್ರದರ್ಶನಗಳ ವಿರುದ್ಧ 1921ರ ಒಂದು ಕಾನೂನೇ ಇತ್ತು. ಅದನ್ನು ಕೋರ್ಟಿಗೆ ಎಳೆದವರಲ್ಲಿ ಸ್ಟಾನಿಸ್ಲಾಸ್ ಬೆರೆಂಟ್ ಎಂಬ ಕಲಾವಿದರೂ ಇದ್ದರು. ಅವರ ಅಂಗೈಗಳು ಭುಜದಿಂದಲೇ ಬೆಳೆದಿದ್ದವು. 1972ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನನ್ನು ತೆಗೆದುಹಾಕಿತು.

ಹಾಗಂತ ಸೈಡ್‌ಶೋದಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳಲಾರೆ. ಡೇಸಿ ಮತ್ತು ವಯೊಲೆಟ್ ಹಿಲ್ಟನ್ ಎಂಬ ಸಯಾಮಿ ಅವಳಿಗಳನ್ನು ನೋಡಿ. ಚಿಕ್ಕ ವಯಸ್ಸಿನಿಂದಲೇ ಅವರನ್ನು ಊರೂರು ಸುತ್ತಿಸಿ ಕುಣಿಸಿದರು, ಹಾಡಿಸಿದರು. ಬಂದ ದುಡ್ಡೆಲ್ಲ ಸಾಕಿದವರ ಜೇಬಿಗೆ. 1931ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕೇಸು ಗೆದ್ದ ಮೇಲಷ್ಟೇ ಅವರಿಗೆ ಬಿಡುಗಡೆ ಸಿಕ್ಕಿತು. ಜೋರ್ಡನ್ ತಮ್ಮ ಇಷ್ಟದಿಂದ ಸ್ಟೇಜ್ ಹತ್ತಿದರು, ಈ ಅಕ್ಕತಂಗಿಯರನ್ನು ಹತ್ತಿಸಿದರು. ಕೆಳಗೆ ಕೂತು ನೋಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನನ್ನ ಕೆಲಸದಲ್ಲಿ ಇದು ದಿನಾ ಎದುರಾಗುತ್ತದೆ. ಪೋಲಿಯೊ ಆಗಿ ಊರುಗೋಲು ಹಿಡಿದು ನಡೆಯುವ ಯುವಕನೊಬ್ಬನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಮಾಲೀಕರು ಅವನ ಕಡೆ ನೋಡದೆ ನನಗೆ ಹೇಳಿದರು: ‘ಪಾಪ, ಕೌಂಟರ್‌ನಲ್ಲಿ ಎಲ್ಲರೂ ದಿಟ್ಟಿಸಿ ನೋಡ್ತಾರೆ, ಅವರಿಗೆ ಮುಜುಗರ. ಒಳಗೆ ಸ್ಟೋರ್ ರೂಮಲ್ಲಿ ಇರಲಿ ಬಿಡಿ.’ ‘ಅವರನ್ನೇ ಕೇಳಿ ಸಾರ್’ ಅಂದೆ. ಅವನು ತಡಮಾಡಲಿಲ್ಲ. ‘ಸಾರ್, ಕೌಂಟರ್‌ನವರಿಗೆ ಕಮಿಷನ್ ಇದೆ ಅಲ್ವಾ? ನನಗೂ ಅದೇ ಬೇಕು. ನೋಡೋರು ಬಸ್ಸಲ್ಲೂ ನೋಡ್ತಾರೆ.’ ಅವನಿಗೆ ಕೌಂಟರೇ ಸಿಕ್ಕಿತು. ಬೇಕಾಗಿದ್ದುದು ಎತ್ತರದ ಒಂದು ಸ್ಟೂಲ್, ಊರುಗೋಲು ಒರಗಿಸಲು ಒಂದು ಕೊಕ್ಕೆ.

ಜೊತೆಯಲ್ಲಿ ಬಂದ ಅಣ್ಣನನ್ನೋ ಅಮ್ಮನನ್ನೋ ಸ್ವಲ್ಪ ಹೊರಗೆ ಕೂರಿಸಿ ಮಾತಾಡಿ ಅಂತ ಹೊಸಬರಿಗೆ ಹೇಳುತ್ತೇನೆ. ಸಂಬಳ ಯಾರ ಖಾತೆಗೆ ಬೀಳುತ್ತದೆ, ಎಟಿಎಂ ಕಾರ್ಡ್ ಯಾರ ಹತ್ತಿರ ಇರುತ್ತದೆ, ಬೇಡ ಅನ್ನಿಸಿದರೆ ಈ ಕೆಲಸ ಬಿಡಬಹುದಾ ಅಂತಲೂ ಕೇಳಬೇಕು. ಮನೆಯವರಿಗೆ ಬೇಜಾರಾಗಬಹುದು, ಆಗಲಿ. ಕಾರ್ಡ್ ಬೇರೆಯವರ ಕೈಯಲ್ಲಿದೆ ಅಂತ ಗೊತ್ತಾದರೆ, ಕೆಲಸದ ಮಾತು ಮುಂದುವರಿಸುವ ಮೊದಲು ನಾವು ಬ್ಯಾಂಕಿಗೆ ಹೋಗಿಬರುತ್ತೇವೆ.