ಹನ್ನಳ ಹರಕೆ, ಏಲಿಯ ಪಾಠ

ದೀಕ್ಷಾಸ್ನಾನದ ದಿನ ಸಭಾಪಾಲಕರು ಮಗುವಿನ ತಂದೆತಾಯಿಯನ್ನು ಮುಂದೆ ನಿಲ್ಲಿಸಿ ಕೇಳುತ್ತಾರೆ. ಈ ಮಗುವನ್ನು ಕರ್ತನ ಭಯಭಕ್ತಿಯಲ್ಲಿ ಬೆಳೆಸುತ್ತೀರಾ? ಬೆಳೆಸುತ್ತೇವೆ. ಪ್ರಾರ್ಥನೆ ಕಲಿಸುತ್ತೀರಾ? ಕಲಿಸುತ್ತೇವೆ. ಅಷ್ಟರಲ್ಲಿ ಮಗು ಅಳಲು ಶುರುಮಾಡಿರುತ್ತದೆ, ಫೋಟೊ ತೆಗೆಯುವವರದು ಬೇರೆ ಅವಸರ. ಈಗ ಆಡಿದ್ದು ಹರಕೆಯ ಮಾತು ಎಂಬುದು ಆ ಗದ್ದಲದಲ್ಲಿ ಹೊಳೆಯುವುದೇ ಇಲ್ಲ. ಶಿಶುಗಳಿಗೆ ದೀಕ್ಷಾಸ್ನಾನ ಕೊಡದೆ ಸಮರ್ಪಣೆ ಮಾತ್ರ ಮಾಡುವ ಸಭೆಗಳೂ ಉಂಟು; ಅಲ್ಲೂ ಮಾತು ಕೊಡುವವರು ಹೆತ್ತವರೇ.

ಸತ್ಯವೇದದಲ್ಲಿ ಇಂಥ ಹರಕೆ ಹೊತ್ತವಳು ಹನ್ನ. ಮಕ್ಕಳಿಲ್ಲದ ಸಂಕಟದಲ್ಲಿ ಶೀಲೋವಿನ ಆಲಯಕ್ಕೆ ಹೋಗಿ, ಗಂಡುಮಗು ಕೊಟ್ಟರೆ ಅವನ ಜೀವಮಾನವೆಲ್ಲ ನಿನಗೇ ಎಂದು ಬೇಡಿಕೊಂಡಳು. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆಂದೇ ತಿಳಿದ. ಸಮುವೇಲ ಹುಟ್ಟಿದ. ಮೊಲೆ ಬಿಡಿಸುವ ತನಕ ಇಟ್ಟುಕೊಂಡು, ಆಮೇಲೆ ಕರೆತಂದು ಅದೇ ಏಲಿಯ ಕೈಗೆ ಒಪ್ಪಿಸಿದಳು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನನ್ನ ಮನಸ್ಸು ನಿಲ್ಲುವುದು ಅದರ ಮುಂದೆ ಬರುವ ಒಂದು ಸಣ್ಣ ವಾಕ್ಯದ ಮೇಲೆ. ಪ್ರತಿ ವರ್ಷ ಗಂಡನ ಜೊತೆ ಬಲಿಯರ್ಪಣೆಗೆ ಬರುವಾಗ ಹನ್ನ ಮಗನಿಗೊಂದು ಚಿಕ್ಕ ನಿಲುವಂಗಿ ಮಾಡಿಕೊಂಡು ತರುತ್ತಿದ್ದಳಂತೆ. ಅಳತೆ ಹಿಡಿಯಲು ಮಗ ಹತ್ತಿರವಿಲ್ಲ. ಹೋದ ಸಲ ತೋಳು ಎಲ್ಲಿಯವರೆಗೆ ಬಂದಿತ್ತು, ಈಗ ಎಷ್ಟು ಉದ್ದವಾಗಿರಬಹುದು ಎಂದು ಅಂದಾಜಿನಲ್ಲೇ ಮಾಡಬೇಕು. ದೇವರಿಗೆ ಕೊಟ್ಟಾಯಿತು, ಇನ್ನು ಅವನುಂಟು ದೇವರುಂಟು ಎಂದು ಆಕೆ ಕೈ ತೊಳೆದುಕೊಳ್ಳಲಿಲ್ಲ. ಕೊಟ್ಟವನನ್ನು ಮತ್ತೆ ಮನೆಗೆ ಎಳೆದುಕೊಂಡು ಹೋಗಲೂ ಇಲ್ಲ.

ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜೋರಾಗಿಯೇ ಇದೆ. ಭಾನುವಾರ ಶಾಲೆಗೆ ಕಳಿಸಿದೆವು, ಮಿಕ್ಕಿದ್ದು ಟೀಚರ್ ನೋಡಿಕೊಳ್ಳುತ್ತಾರೆ ಎಂಬ ನಿಶ್ಚಿಂತೆ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ದೇವರ ಮಾತನ್ನು ಮಕ್ಕಳಿಗೆ ಹೇಳಬೇಕಾದ ಹೊತ್ತುಗಳನ್ನು ಹೆಸರಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಅದೇ ಅಧ್ಯಾಯದ ಕೊನೆಯಲ್ಲಿ, ಈ ಆಜ್ಞೆಗಳೆಲ್ಲ ಯಾತಕ್ಕೆ ಎಂದು ಮಗ ಕೇಳಿದರೆ ಏನು ಹೇಳಬೇಕು ಎಂಬುದೂ ಇದೆ. ಪಸ್ಕ ಹಬ್ಬದ ವಿಧಿಯನ್ನು ಕೊಡುವ ವಿಮೋಚನಕಾಂಡದ 12ನೇ ಅಧ್ಯಾಯದಲ್ಲೂ ಹಾಗೆಯೇ: ಈ ಆಚರಣೆ ಏನೆಂದು ಮಕ್ಕಳು ಕೇಳಿದಾಗ, ನಾವು ಐಗುಪ್ತದಿಂದ ಬಿಡಿಸಲ್ಪಟ್ಟ ಕಥೆ ಹೇಳಿ ಎನ್ನುತ್ತದೆ. ಮಗು ಕೇಳಬೇಕಾದರೆ ಕೇಳುವಂಥದ್ದೇನೋ ಮನೆಯಲ್ಲಿ ಅದರ ಕಣ್ಣೆದುರು ನಡೆಯುತ್ತಿರಬೇಕಲ್ಲ. ಊಟಕ್ಕೆ ಮುಂಚೆ ಅಪ್ಪ ಯಾಕೆ ಕಣ್ಣು ಮುಚ್ಚುತ್ತಾನೆ, ಜಗಳವಾದ ಮೇಲೆ ಅಮ್ಮನೇ ಯಾಕೆ ಮೊದಲು ಹೋಗಿ ಮಾತಾಡಿಸಿದಳು, ಪ್ರಾರ್ಥನೆ ಮಾಡಿದರೂ ಅಜ್ಜಿ ಯಾಕೆ ಸತ್ತಳು. ಕೊನೆಯ ಪ್ರಶ್ನೆಗೆ ಸಿದ್ಧ ಉತ್ತರ ಹುಡುಕಿ ಒಪ್ಪಿಸುವುದಕ್ಕಿಂತ, "ನನಗೂ ಗೊತ್ತಿಲ್ಲ ಕಂದಾ, ನಾನೂ ದೇವರ ಹತ್ತಿರ ಅದನ್ನೇ ಕೇಳುತ್ತಿದ್ದೇನೆ" ಎನ್ನುವುದು ಮೇಲು. ಸತ್ಯವೇದದ ಕೀರ್ತನೆಗಳಲ್ಲಿ ಹಾಗೆ ಕೇಳಿದವರು ಬೇಕಾದಷ್ಟಿದ್ದಾರೆ.

ಒಬ್ಬೊಬ್ಬ ಮಗುವಿಗೂ ಬೇರೆಯಾಗಿ ಹೊತ್ತು ಕೊಟ್ಟವಳು ಸೂಸನ್ನಾ ವೆಸ್ಲಿ, ಮೆಥಡಿಸ್ಟ್ ಸಭೆಗೆ ಮೂಲಪುರುಷನಾದ ಜಾನ್ ವೆಸ್ಲಿಯ ತಾಯಿ. ಅಷ್ಟು ಮಕ್ಕಳ ಮನೆಯಲ್ಲಿ ಜಾನ್‌ನ ಪಾಲಿಗೆ ಗುರುವಾರದ ಸಂಜೆ. ದೊಡ್ಡವನಾದ ಮೇಲೂ ಅವನು ತಾಯಿಗೆ ಕಾಗದ ಬರೆದು ಆ ಗುರುವಾರದ ಸ್ವಲ್ಪ ಹೊತ್ತನ್ನು ಮತ್ತೆ ಕೇಳಿದ್ದ.

ಇನ್ನು ಸಮುವೇಲನ ವಿಷಯ. ಆಲಯದಲ್ಲೇ ಬೆಳೆದ ಹುಡುಗ, ಮಲಗುವುದೂ ಅಲ್ಲೇ. ಆದರೂ ಅವನಿಗೆ ಕರ್ತನ ಪರಿಚಯ ಇನ್ನೂ ಆಗಿರಲಿಲ್ಲ ಎಂದು ಮೊದಲನೆಯ ಸಮುವೇಲ 3ನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ತಾಯಿಯ ಹರಕೆ ಅವನನ್ನು ಆಲಯದ ಬಾಗಿಲ ತನಕ ತಂದಿತ್ತು, ಅಷ್ಟೆ. ರಾತ್ರಿ ದನಿ ಕೇಳಿಸಿದಾಗ ಅವನು ಏಲಿಯ ಬಳಿಗೆ ಓಡಿದ. ಒಂದಲ್ಲ, ಮೂರು ಸಲ. ಮಗುವಿಗೆ ದೇವರ ಕರೆ ಹೆತ್ತವರ ದನಿಯ ಹಾಗೆ, ಗುರುಗಳ ದನಿಯ ಹಾಗೆ ಕೇಳಿಸುವುದು ಸಹಜವೇ. ಏಲಿಗೂ ಮೊದಲೆರಡು ಸಲ ತಿಳಿಯಲಿಲ್ಲ, ಹೋಗಿ ಮಲಗು ಎಂದ. ಮೂರನೆಯ ಸಲ ಹೊಳೆಯಿತು. ಆಗ ಆ ಮುದುಕ ಎದ್ದು ಹೋಗಿ ಹುಡುಗನ ಪಕ್ಕದಲ್ಲಿ ಕೂರಲಿಲ್ಲ, ಅವನ ಪರವಾಗಿ ಉತ್ತರ ಕೊಡಲಿಲ್ಲ. ಮತ್ತೆ ಕರೆದರೆ ಹೀಗೆ ಹೇಳು, ಕರ್ತನೇ ಮಾತಾಡು, ನಿನ್ನ ದಾಸ ಕೇಳುತ್ತಿದ್ದಾನೆ ಎಂದು ಕಲಿಸಿ ಅವನ ಜಾಗಕ್ಕೇ ವಾಪಸು ಕಳಿಸಿದ. ಹೆತ್ತವರ ಕೆಲಸ ಇದಕ್ಕಿಂತ ಹೆಚ್ಚಿನದೆಂದು ನನಗೆ ಅನ್ನಿಸುವುದಿಲ್ಲ. ಕಡಿಮೆಯದಂತೂ ಅಲ್ಲ. ಆ ರಾತ್ರಿ ದೇವರು ಹುಡುಗನಿಗೆ ಹೇಳಿದ ಸುದ್ದಿ ಏಲಿಯ ಮನೆತನಕ್ಕೇ ಬಂದ ತೀರ್ಪಾಗಿತ್ತು. ಬೆಳಿಗ್ಗೆ ಅದನ್ನು ಹೇಳಲು ಹೆದರಿದ ಹುಡುಗನಿಗೆ, ಏನನ್ನೂ ಮುಚ್ಚಿಡಬೇಡ ಎಂದವನೂ ಏಲಿಯೇ. ದೊಡ್ಡವರಿಗೆ ಹಿಡಿಸದ ಸತ್ಯವನ್ನೂ ಮಗು ಹೆದರದೆ ಹೇಳಬಹುದಾದ ಮನೆ ಎಷ್ಟಿವೆಯೋ.

ಇದೇ ಏಲಿಗೆ ತನ್ನ ಸ್ವಂತ ಮಕ್ಕಳು ಹೊಫ್ನಿ, ಫೀನೆಹಾಸರನ್ನು ತಿದ್ದಲಾಗಲಿಲ್ಲ. ಹೋಗಲಿ, ಏಲಿ ಸಡಿಲ ಎನ್ನೋಣ. ಸಮುವೇಲನ ಮಕ್ಕಳು ಯೋವೇಲ, ಅಬೀಯರೂ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚಕ್ಕೆ ಕೈ ಚಾಚಿದರು. ಮಗುವನ್ನು ನಡೆಯಬೇಕಾದ ದಾರಿಗೆ ಹಚ್ಚು, ಮುಪ್ಪಿನಲ್ಲೂ ಬಿಡುವುದಿಲ್ಲ ಎಂಬ ಜ್ಞಾನೋಕ್ತಿಯನ್ನು ಗ್ಯಾರಂಟಿ ಕಾರ್ಡಿನಂತೆ ಓದುವವರು, ಮಗ ಸಭೆ ಬಿಟ್ಟ ಮನೆಯವರ ಮೇಲೆ ಅದನ್ನು ಕಲ್ಲಿನಂತೆ ಎಸೆಯುತ್ತಾರೆ. ಅದು ಅನ್ಯಾಯ. ಹದಿಹರೆಯದವನನ್ನು ರಟ್ಟೆ ಹಿಡಿದು ಆರಾಧನೆಗೆ ಎಳೆದೊಯ್ಯುವವರಿಗೆ ಪೌಲನ ಮಾತು ನೆನಪಾಗಬೇಕು. ಎಫೆಸದವರಿಗೆ ಬರೆಯುವಾಗ ಅವನು ಹೆಸರಿಟ್ಟು ತಂದೆಗಳಿಗೇ ಹೇಳಿದ, ಮಕ್ಕಳನ್ನು ಕೆರಳಿಸಬೇಡಿ ಎಂದು.

ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟಿನ್ ಯೌವನದಲ್ಲಿ ದಾರಿ ತಪ್ಪಿದ್ದಾಗ ತಾಯಿ ಮೋನಿಕಾ ಒಬ್ಬ ಬಿಷಪ್‌ರ ಬಳಿ ಹೋಗಿ, ಮಗನ ಜೊತೆ ವಾದಿಸಿ ಬುದ್ಧಿ ಹೇಳಿ ಎಂದು ಗೋಗರೆದಳು. ಅವರು ಒಪ್ಪಲಿಲ್ಲ. ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಬಿಡು, ಅವನಿಗಾಗಿ ಪ್ರಾರ್ಥಿಸು ಎಂದರು. ಆಕೆ ಅತ್ತಳು, ಪ್ರಾರ್ಥಿಸಿದಳು, ಸಮುದ್ರ ದಾಟಿ ಮಗನ ಬೆನ್ನಿಗೇ ಹೋದಳು. ಕ್ರಿ.ಶ. 387ರ ಈಸ್ಟರ್‌ನಲ್ಲಿ ಮಿಲಾನ್‌ನಲ್ಲಿ ಅಲ್ಲಿನ ಬಿಷಪ್ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದಾಗ ಅಗಸ್ಟಿನ್‌ಗೆ 32 ವರ್ಷ. ಅದೇ ವರ್ಷ ತಾಯಿ ತೀರಿಕೊಂಡಳು. ಎಲ್ಲ ತಾಯಂದಿರಿಗೂ ಆ ಈಸ್ಟರ್ ನೋಡಲು ಸಿಗುವುದಿಲ್ಲ.

ಮಕ್ಕಳು ತಿರುಗಿ ಬಂದದ್ದನ್ನು ನೋಡಲು ಸಮುವೇಲನಿಗೆ ಸಿಕ್ಕಿತೋ ಇಲ್ಲವೋ, ಸತ್ಯವೇದ ಹೇಳುವುದಿಲ್ಲ. ತಲೆ ನರೆತ ಮೇಲೆ ಅವನು ಇಸ್ರಾಯೇಲ್ಯರ ಮುಂದೆ ನಿಂತು, ನನ್ನ ಮಕ್ಕಳು ನಿಮ್ಮ ನಡುವೆಯೇ ಇದ್ದಾರೆ ಎಂದ. ಮಾತು ಮುಗಿಸುವ ಮುಂಚೆ, ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ನಾನು ಕರ್ತನಿಗೆ ವಿರೋಧವಾಗಿ ಪಾಪ ಮಾಡಿದ ಹಾಗೆ, ಅಂಥದ್ದು ನನ್ನಿಂದಾಗದಿರಲಿ ಎಂದ. ಆ "ನಿಮಗಾಗಿ" ಎಂಬುದರಲ್ಲಿ ಯೋವೇಲನೂ ಅಬೀಯನೂ ಸೇರಿದ್ದರು.