ಕೋಲಾರದಿಂದ ಶಿಡ್ಲಘಟ್ಟದವರೆಗೆ ಮೇವಿನ ಜಾಡಿನಲ್ಲಿ

ಜೂನ್ ತಿಂಗಳ ಎರಡನೆಯ ವಾರ, ಬೆಳಕು ಸರಿಯಾಗಿ ಹರಿಯುವ ಮೊದಲೇ ನಾನೂ ನನ್ನ ಭಾವನೂ ಕೋಲಾರದ ಎಪಿಎಂಸಿ ಮಾರುಕಟ್ಟೆಯ ಮುಂದೆ ಬೈಕು ನಿಲ್ಲಿಸಿದೆವು. ಮಾಲೂರಿನ ಬಳಿಯ ನಮ್ಮ ಊರಿನಲ್ಲಿ ನನಗೆ ನಾಲ್ಕು ಸೀಮೆ ಹಸುಗಳಿವೆ. ಭಾವ ಎರಡು ಹಸುಗಳ ಜೊತೆಗೆ ನಾಟಿ ಕೋಳಿಗಳನ್ನೂ ಸಾಕಿದ್ದಾರೆ. ಹಾಲಿನ ಉತ್ಪಾದನೆಗೆ ತಗಲುವ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮೇವು ಮತ್ತು ತಿಂಡಿಗೇ ಹೋಗುವುದರಿಂದ, ಡೇರಿಯ ಬಟವಾಡೆ ಕೈಗೆ ಬಂದ ದಿನವೇ ಹಿಂಡಿ, ಬೂಸಾದ ಬಾಕಿಗೆ ಕರಗಿಹೋಗುವುದು ನಮ್ಮಿಬ್ಬರ ಮನೆಯಲ್ಲೂ ಮಾಮೂಲಾಗಿತ್ತು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾದು ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗವೊಂದಿದೆ; ಹಿಂದೆ ಅದು ನ್ಯಾರೋ ಗೇಜ್ ಹಳಿಯಾಗಿತ್ತು. ಆ ಹಳಿಯ ಉದ್ದಕ್ಕೂ ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಬೆಳೆ ಮಾರಾಟವಾಗಿ, ಒಂದೊಂದು ಬಗೆಯ ಉಳಿಕೆ ರಾಶಿ ಬೀಳುತ್ತದೆ. ಅದರಲ್ಲಿ ನಮ್ಮ ಗೋದಲಿಗೆ ಬರಬಹುದಾದದ್ದು ಯಾವುದು ಎಂದು ಕಣ್ಣಾರೆ ನೋಡಿ ಬರುವುದು ನಮ್ಮ ಉದ್ದೇಶವಾಗಿತ್ತು. ರೈಲಿನ ವೇಳೆ ಹೊಂದದ ಕಾರಣ ಬೈಕಿನಲ್ಲೇ ಹೊರಟೆವು.

ಟೊಮೆಟೊ ಮಾರುಕಟ್ಟೆಯಲ್ಲಿ ಆಗಲೇ ಲಾರಿಗಳು ಸಾಲುಗಟ್ಟಿದ್ದವು. ಇಲ್ಲಿ ಹಣ್ಣು ಹದಿನೈದು ಕೆಜಿಯ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಒಡೆದ, ಮೆತ್ತಗಾದ, ಬಣ್ಣ ಕೂಡದ ಹಣ್ಣುಗಳು ಪಕ್ಕಕ್ಕೆ ಬೀಳುತ್ತವೆ. ಬೆಲೆ ಕುಸಿದ ದಿನಗಳಲ್ಲಿ ಬಾಕ್ಸುಗಟ್ಟಲೆ ಒಳ್ಳೆಯ ಹಣ್ಣೇ ರಸ್ತೆಯ ಬದಿಗೆ ಬೀಳುವುದನ್ನು ಕೋಲಾರದ ಕಡೆಯವರೆಲ್ಲ ಕಂಡಿದ್ದಾರೆ. ಮೂರು ವರ್ಷದ ಹಿಂದೆ ಅಂತಹ ಒಂದು ದಿನ ನಾನು ಆರು ಬಾಕ್ಸ್ ಹಣ್ಣನ್ನು ಮನೆಗೆ ಹೊತ್ತು ತಂದು, ಎರಡು ದಿನ ಹುಲ್ಲು ಕಡಿಮೆ ಮಾಡಿ ಹಸುಗಳಿಗೆ ಅದನ್ನೇ ಸುರಿದಿದ್ದೆ. ಸಗಣಿ ನೀರಾಯಿತು, ಮೆಲುಕು ನಿಂತಿತು, ಡೇರಿಯಲ್ಲಿ ಫ್ಯಾಟ್ ಇಳಿಯಿತು. ಆ ತಪ್ಪಿನ ಕಾರಣ ನನಗೆ ಅರ್ಥವಾದದ್ದು ಬಹಳ ತಡವಾಗಿ. ಟೊಮೆಟೊ ಹಣ್ಣಿನಲ್ಲಿ ನೂರಕ್ಕೆ 94ರಷ್ಟು ನೀರೇ ಇರುತ್ತದೆ. ಹದಿನೈದು ಕೆಜಿಯ ಇಡೀ ಬಾಕ್ಸನ್ನು ತಿನ್ನಿಸಿದರೂ ಹಸುವಿಗೆ ದಕ್ಕುವ ಒಣ ಪದಾರ್ಥ, ಅಂದರೆ ನೀರನ್ನು ಕಳೆದು ಉಳಿಯುವ ಭಾಗ, ಒಂದು ಕೆಜಿಗಿಂತ ಕಡಿಮೆ. ನಾನೂರು ಕೆಜಿ ತೂಗುವ ಕರೆಯುವ ಹಸುವಿಗಾದರೋ ದಿನಕ್ಕೆ ಸುಮಾರು ಹನ್ನೆರಡು ಕೆಜಿ ಒಣ ಪದಾರ್ಥ ಬೇಕು. ಹೊಟ್ಟೆ ತುಂಬಿದಂತೆ ಕಂಡರೂ ಅದು ಉಪವಾಸವೇ, ನಾರು ಇಲ್ಲದ ಉಪವಾಸ. ಟೊಮೆಟೊವನ್ನು ರಾಗಿ ಹುಲ್ಲಿನ ಜೊತೆ ನಾಲ್ಕೈದು ಕೆಜಿಯಷ್ಟು ರುಚಿಗೆಂದು ಕೊಡಬಹುದೇ ಹೊರತು ಹುಲ್ಲಿನ ಬದಲಿಗೆ ಕೊಡಬಾರದು. ಅದೂ ಔಷಧಿ ಹೊಡೆದು ಎಷ್ಟು ದಿನವಾಗಿದೆ ಎಂಬುದು ತಿಳಿದ ತೋಟದ ಹಣ್ಣಾಗಿರಬೇಕು. ಮಾರುಕಟ್ಟೆಯ ರಾಶಿಯಲ್ಲಿ ಆ ಮಾಹಿತಿ ಯಾರಲ್ಲೂ ಇರುವುದಿಲ್ಲ. ಹಾಗಾಗಿ ಕೋಲಾರದಿಂದ ನಾವು ಬರಿಗೈಯಲ್ಲೇ ಹೊರಟೆವು.

ಶ್ರೀನಿವಾಸಪುರದ ದಾರಿಯ ಎರಡೂ ಬದಿಗೆ ಮಾವಿನ ತೋಪುಗಳು. ಮಂಡಿಗಳಲ್ಲಿ ತೋತಾಪುರಿ ಗುಡ್ಡೆ ಬಿದ್ದಿತ್ತು. ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೆಚ್ಚಾಗಿ ಹೋಗುವುದು ಈ ತಳಿಯೇ. ಊರಿನಿಂದ ಸ್ವಲ್ಪ ಹೊರಗೆ, ಒಬ್ಬ ಹಿರಿಯ ರೈತರು ಸಿಪ್ಪೆಯನ್ನು ತರಿಸಿ ಮೇವು ಮಾಡುತ್ತಾರೆಂದು ಟೀ ಅಂಗಡಿಯಲ್ಲಿ ತಿಳಿದು, ಅವರ ಮನೆಯನ್ನು ವಿಚಾರಿಸಿಕೊಂಡು ಹೋದೆವು. ಹಿತ್ತಿಲಿನಲ್ಲಿ ಏಳೆಂಟು ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಈ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ಅಲ್ಲಿಯೇ.

ಅವರು ಮಾಡುವ ಕೆಲಸ ಸರಳವಾದದ್ದು, ಆದರೆ ಅದರಲ್ಲಿ ಒಂದೊಂದು ಹೆಜ್ಜೆಗೂ ಕಾರಣವಿದೆ. ಹಸಿ ಸಿಪ್ಪೆಯಲ್ಲಿ ನೂರಕ್ಕೆ ಸುಮಾರು 80ರಷ್ಟು ನೀರಿರುವುದರಿಂದ ಅದನ್ನು ಹಾಗೆಯೇ ಬಿಟ್ಟರೆ ಮರುದಿನವೇ ನೊಣ ಮುತ್ತಿ ಹುಳಿತು ಕೊಳೆಯುತ್ತದೆ; ಹಾಗೆಯೇ ಡ್ರಮ್ಮಿಗೆ ತುಂಬಿದರೂ ರಸ ಸೋರಿ ಕೆಡುತ್ತದೆ. ಆದ್ದರಿಂದ ಮೂರು ಪಾಲು ಸಿಪ್ಪೆಗೆ ಒಂದು ಪಾಲು ಕತ್ತರಿಸಿದ ರಾಗಿ ಹುಲ್ಲನ್ನು ಬೆರೆಸುತ್ತಾರೆ. ಹುಲ್ಲು ನೀರನ್ನು ಹೀರಿಕೊಂಡಾಗ ಒಟ್ಟು ತೇವ ನೂರಕ್ಕೆ 60-65ರ ಮಟ್ಟಕ್ಕೆ ಇಳಿಯುತ್ತದೆ, ರಸಮೇವಿಗೆ, ಅಂದರೆ ಗಾಳಿಯಾಡದಂತೆ ಹುಳಿಸಿ ಕಾಪಿಡುವ ಹಸಿ ಮೇವಿಗೆ, ಬೇಕಾದ ಹದ ಅದೇ. ನಂತರ ಗಾಳಿ ಒಂದಿಷ್ಟೂ ಉಳಿಯದಂತೆ ಪದರ ಪದರವಾಗಿ ಕಾಲಿನಿಂದ ತುಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಚ್ಚಳ ಬಿಗಿದು, ನಲವತ್ತೈದು ದಿನ ಮುಟ್ಟುವುದಿಲ್ಲ. ಸಿಪ್ಪೆಯ ಸಕ್ಕರೆಯೇ ಹುಳಿಯಾಗಿ ತಿರುಗಿ ಮೇವನ್ನು ಕಾಯುತ್ತದೆ. ಕಳೆದ ಸಲ ತುಂಬಿಟ್ಟ ಕೊನೆಯ ಡ್ರಮ್ಮಿನ ಮುಚ್ಚಳ ತೆಗೆದು ಅವರು ನಮ್ಮ ಕೈಗೆ ಒಂದು ಹಿಡಿ ಕೊಟ್ಟರು. ಹಿತವಾದ ಹುಳಿ ವಾಸನೆ, ಕಂದು ಹಳದಿ ಬಣ್ಣ, ಎಲ್ಲಿಯೂ ಬೂಷ್ಟಿಲ್ಲ.

‘ವಾಟೆ ಏನು ಮಾಡ್ತೀರಿ, ಯಜಮಾನರೇ?’ ಎಂದು ಭಾವ ಕೇಳಿದರು.

‘ವಾಟೆ ಒಂದೂ ಒಳಗೆ ಹೋಗಬಾರದು ಸ್ವಾಮಿ. ನಮ್ಮ ಅಣ್ಣನ ಹಸು ಗಂಟಲಲ್ಲಿ ಸಿಕ್ಕಿಸಿಕೊಂಡು, ಡಾಕ್ಟರು ಬರೋ ಹೊತ್ತಿಗೆ ಹೊಟ್ಟೆ ಊದಿ ಹೋಗಿತ್ತು’ ಎಂದರು ಅವರು.

ಅನ್ನನಾಳ ಮುಚ್ಚಿಕೊಂಡರೆ ಹಸು ತೇಗಲಾರದು. ಮೆಲುಕುಚೀಲದ ಅನಿಲಕ್ಕೆ ಹೊರಹೋಗಲು ದಾರಿಯೇ ಇರುವುದಿಲ್ಲ. ವಾಟೆಯ ಒಳಗಿನ ಬೀಜವನ್ನು ಒಣಗಿಸಿ ಪುಡಿ ಮಾಡಿದರೆ ಅದೂ ಶಕ್ತಿ ಕೊಡುವ ಆಹಾರವೇ, ಆದರೆ ಅದರಲ್ಲಿ ಒಗರಾದ ಟ್ಯಾನಿನ್ ಅಂಶ ಹೆಚ್ಚಿರುವುದರಿಂದ ತಿಂಡಿಯಲ್ಲಿ ಸ್ವಲ್ಪ ಪಾಲು ಮಾತ್ರ ಬೆರೆಸಬೇಕು. ಆ ಹಿರಿಯರು ಅದರ ತಂಟೆಗೇ ಹೋಗಿರಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನಗೆ ತೋರಿತು. ಒಡೆಯುವ, ಒಣಗಿಸುವ, ಬೀಸುವ ಕೂಲಿಯನ್ನು ಲೆಕ್ಕ ಹಾಕಿದರೆ ಸಣ್ಣ ರೈತನಿಗೆ ಅದು ಅಗ್ಗವಾಗಿ ಉಳಿಯುವುದಿಲ್ಲ.

ಚಿಂತಾಮಣಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಈ ಸೀಮೆಯಲ್ಲಿ ಕನ್ನಡದೊಂದಿಗೆ ತೆಲುಗು ಹಾಸುಹೊಕ್ಕಾಗಿದೆ. ಹಿಂಡಿಗೆ ಚೆಕ್ಕ ಎನ್ನುವುದನ್ನು ಅಂಗಡಿಗಳಲ್ಲಿ ಕೇಳಿದೆವು. ಒಂದು ಎಣ್ಣೆ ಗಾಣದ ಮುಂದೆ ಕಡಲೆಕಾಯಿ ಹಿಂಡಿಯ ಬಿಲ್ಲೆಗಳನ್ನು ಜೋಡಿಸಿದ್ದರು. ನೂರಕ್ಕೆ 40ಕ್ಕೂ ಮೀರಿ ಪ್ರೋಟೀನ್ ಇರುವ ಈ ಹಿಂಡಿಗೆ ನಮ್ಮ ಕಡೆ ಸಮನಾದದ್ದು ಬೇರೊಂದಿಲ್ಲ, ಆದರೆ ತೇವ ತಗುಲಿದ ಹಿಂಡಿಯಷ್ಟು ಅಪಾಯಕಾರಿಯಾದದ್ದೂ ಮತ್ತೊಂದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರು ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಗೆ ಬಂದು ಮುಟ್ಟಿದರು. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಜಗತ್ತಿಗೆ ತಿಳಿದದ್ದು ಹಾಗೆ. ಹಸು ತಿಂದ ಆ ವಿಷ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ. ಆದ್ದರಿಂದಲೇ ನಮ್ಮ ದೇಶದಲ್ಲಿ ಒಂದು ಕೆಜಿ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿಯಿದೆ. ಅಂಗಡಿಯವರು ಬಿಲ್ಲೆಯನ್ನು ಮುರಿದು ಒಳಭಾಗವನ್ನು ಮೂಸಿ ತೋರಿಸಿದರು. ಬೂಷ್ಟು ಕಂಡರೆ ಕೊಳ್ಳಬಾರದು ಎಂಬುದು ನಿಜ. ಆದರೆ ಬೂಷ್ಟು ಕಾಣದಿದ್ದರೂ ವಿಷವಿರಬಹುದಾದ್ದರಿಂದ, ಹಿಂಡಿಯನ್ನು ಹದಿನೈದು ದಿನಕ್ಕೆ ಬೇಕಾದಷ್ಟೇ ಕೊಂಡು, ಹಲಗೆಯ ಮೇಲೆ ಗೋಡೆಗೆ ತಾಗದಂತೆ ಇಡುವುದು ನಮ್ಮ ಕೈಯಲ್ಲಿರುವ ಎಚ್ಚರಿಕೆ.

ಚಿಂತಾಮಣಿಯ ಆಚೆ ಒಂದು ತೋಟದಲ್ಲಿ, ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಜರೀಗಿಡವಾದ ಅಜೋಲಾದ ತೊಟ್ಟಿಯನ್ನೂ ಕಂಡೆವು. ಅದನ್ನು ಹೊಗಳುವವರ ಮೇಲೆ ನನಗೆ ಗೌರವವಿದೆ, ಆದರೂ ಲೆಕ್ಕ ಬೇರೆ ಮಾತು ಹೇಳುತ್ತದೆ. ದಿನಕ್ಕೆ ಎರಡು ಕೆಜಿ ಹಸಿ ಅಜೋಲಾ ಕೊಟ್ಟರೆ ಅದರಲ್ಲಿ ಒಣ ಪದಾರ್ಥ ನೂರು ಗ್ರಾಂ ಚಿಲ್ಲರೆ, ಪ್ರೋಟೀನ್ ಮೂವತ್ತು ಗ್ರಾಂ ಒಳಗೆ. ಹತ್ತು ಲೀಟರ್ ಹಾಲು ಕೊಡುವ ಹಸು ಹಾಲಿನಲ್ಲೇ ಮುನ್ನೂರು ಗ್ರಾಂ ಮೀರಿ ಪ್ರೋಟೀನನ್ನು ನಮಗೆ ಕೊಟ್ಟುಬಿಡುತ್ತದೆ. ಭಾವನ ಕೋಳಿಗಳಿಗೆ ಅಜೋಲಾ ಒಳ್ಳೆಯದು. ನನ್ನ ಹಸುಗಳಿಗೆ ಅದು ಹಿಂಡಿಯ ಜಾಗವನ್ನು ತುಂಬಲಾರದು.

ಶಿಡ್ಲಘಟ್ಟಕ್ಕೆ ಬಂದ ಕೂಡಲೇ ಮೂಗಿಗೆ ರೇಷ್ಮೆ ಗೂಡು ಬೇಯಿಸುವ ವಾಸನೆ ತಾಗಿತು. ನೂಲು ಬಿಚ್ಚುವ ಒಂದು ಫಿಲೇಚರಿನ ಒಳಗೆ, ಹಬೆಯ ನಡುವೆ ನಿಂತು ಹೆಣ್ಣುಮಕ್ಕಳು ನೂಲಿನ ಎಳೆ ಹುಡುಕುತ್ತಿದ್ದರು. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು, ಗೂಡಿನ ತೂಕದಲ್ಲಿ ಮುಕ್ಕಾಲು ಪಾಲು ಒಳಗಿನ ಹುಳುವಿನದೇ. ನೂಲು ಬಿಚ್ಚಿದ ಮೇಲೆ ಉಳಿಯುವ ಆ ಪ್ಯೂಪಾವನ್ನು ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗದಷ್ಟು ಎಣ್ಣೆ ಇರುತ್ತದೆ. ಕೋಳಿ ಮತ್ತು ಮೀನಿನ ಆಹಾರದಲ್ಲಿ ದುಬಾರಿಯಾದ ಮೀನಿನ ಪುಡಿಗೆ ಬದಲಾಗಿ ಅದು ನಿಲ್ಲಬಲ್ಲದು. ತೊಡಕಿರುವುದು ಆ ಎಣ್ಣೆಯಲ್ಲಿಯೇ. ಬಿಸಿಲು ಕಡಿಮೆಯಾಗಿ ಅರೆ ಒಣಗಿದರೆ ಎರಡೇ ದಿನದಲ್ಲಿ ಕಮಟು ಹಿಡಿಯುತ್ತದೆ, ಹೆಚ್ಚು ತಿನ್ನಿಸಿದರೆ ಮೊಟ್ಟೆಗೂ ಮಾಂಸಕ್ಕೂ ವಾಸನೆ ಇಳಿಯುತ್ತದೆ. ಭಾವ ಗರಿಗರಿಯಾಗಿ ಒಣಗಿದ್ದನ್ನೇ ಆರಿಸಿ ಅರ್ಧ ಮೂಟೆ ಕೊಂಡರು.

ನನ್ನ ಹಸುಗಳಿಗೆ ಬೇಕಾದದ್ದು ಸಿಕ್ಕಿದ್ದು ಊರಾಚೆಯ ಒಂದು ಹುಳದ ಮನೆಯಲ್ಲಿ. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳು, ತನ್ನ ಇಡೀ ಬಾಳಿನಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ವಾರದಲ್ಲೇ ಮುಗಿಸುತ್ತದೆ; ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿ ಏರಿದ ಮೇಲೆ ತೋಟದಲ್ಲಿ ಸೊಪ್ಪು ಉಳಿಯುತ್ತದೆ. ಹುಳು ಸಾಯುವ ಭಯದಿಂದ ರೇಷ್ಮೆಯವರು ಆ ಸೊಪ್ಪಿಗೆ ಔಷಧಿ ಹೊಡೆಯಲು ಹಿಂಜರಿಯುತ್ತಾರೆ. ಬೆಳಿಗ್ಗೆ ಟೊಮೆಟೊ ರಾಶಿಯ ಮುಂದೆ ನನಗೆ ಉತ್ತರ ಸಿಗದ ಪ್ರಶ್ನೆಗೆ ಇಲ್ಲಿ ಹುಳುವೇ ಉತ್ತರವಾಗಿತ್ತು. ಒಣ ಲೆಕ್ಕದಲ್ಲಿ ನೂರಕ್ಕೆ 15ರಿಂದ 25ರಷ್ಟು ಪ್ರೋಟೀನ್ ಇರುವ ಸೊಪ್ಪು ಅದು.

‘ತಟ್ಟೆಯಿಂದ ತೆಗೆದ ಕಸ ಮಾತ್ರ ಹಾಕಬೇಡಿ ಅಣ್ಣ, ಅದಕ್ಕೆ ಸುಣ್ಣ, ಪುಡಿ ಎಲ್ಲಾ ಉದುರಿಸಿರ್ತೀವಿ. ತೋಟದಲ್ಲಿ ನಿಂತಿರೋದನ್ನ ಕೊಯ್ಕೊಂಡು ಹೋಗಿ’ ಎಂದು ಆ ಮನೆಯ ಹೆಣ್ಣುಮಗಳು ಎಚ್ಚರಿಸಿ, ಕುಡುಗೋಲನ್ನು ತಾನೇ ತಂದುಕೊಟ್ಟಳು.

ಎರಡು ಹೊರೆ ಕೊಯ್ದು ಬೈಕಿಗೆ ಕಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ದಾರಿಯಲ್ಲಿ ಸೊಪ್ಪು ಕಾವು ಹಿಡಿಯದಂತೆ ಎರಡು ಕಡೆ ನಿಲ್ಲಿಸಿ ಹೊರೆಯನ್ನು ಸಡಿಲಿಸಿದೆವು. ರಾತ್ರಿ ಹತ್ತರ ಸುಮಾರಿಗೆ ಮನೆ ಸೇರಿ, ಸೊಪ್ಪನ್ನು ಜಗಲಿಯ ಮೇಲೆ ತೆಳುವಾಗಿ ಹರಡಿದೆ. ಬೆಳಿಗ್ಗೆ ಹುಲ್ಲಿನ ಮೇಲೆ ಒಂದು ಹಿಡಿ ಉದುರಿಸಿದಾಗ ಕಪ್ಪು ಹಸು ಸೊಪ್ಪನ್ನು ಮೊದಲು ಆರಿಸಿ ತಿಂದು, ನಂತರ ಹುಲ್ಲಿಗೆ ಬಾಯಿ ಹಾಕಿತು. ಮುಂದಿನ ವಾರ ಶ್ರೀನಿವಾಸಪುರದಿಂದ ಸಿಪ್ಪೆ ತರಲು ಆಟೋ ಗೊತ್ತುಮಾಡಿದ್ದೇನೆ, ಎರಡು ಡ್ರಮ್ಮುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ.