ಮೀಟರು ಅಳೆದದ್ದು ಏನನ್ನ?

ಗೋಣಿಕೊಪ್ಪದ ಹತ್ತಿರ ಮಾವನ ಕಣ, ಮೊನ್ನೆ ಮಂಗಳವಾರ, ನೆತ್ತಿ ಸುಡುವ ಮಧ್ಯಾಹ್ನ. ರೊಬಸ್ಟಾ ಚೆರಿ ಕೊಳ್ಳಲು ಬಂದ ಹುಡುಗ ಕಣದಿಂದಲೇ ಹಿಡಿಯಷ್ಟು ಎತ್ತಿ ತೇವದ ಮೀಟರಿಗೆ ಸುರಿದ. "ಹದಿಮೂರು ತೋರಿಸ್ತಿದೆ ಅಂಕಲ್." ತೇವ ಹನ್ನೊಂದು ಪರ್ಸೆಂಟ್ ದಾಟಿದರೆ ರೇಟಿಗೆ ಕತ್ತರಿ. ಮಾವ ತಲೆ ಎತ್ತದೆಯೇ ಕೇಳಿದರು: "ನಿನ್ನ ಮೀಟರು ಕಾಫಿನ ಅಳೀತೋ, ಬಿಸಿಲನ್ನ ಅಳೀತೋ?"

ಹುಡುಗ ನಕ್ಕ. ಅವನಿಗೆ ಅದು ಚೌಕಾಶಿಯ ಮಾತು. ನನಗೆ ಮಾತ್ರ ವಾರವಿಡೀ ಅದೇ ಕಿವಿಯಲ್ಲಿ. ಪ್ರಯೋಗಶಾಲೆಯ ಪುಟ್ಟ ಇಲಿಯ (ಮೌಸ್) ಮೆದುಳಿನ ಗೆಡ್ಡೆಯನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಅಳೆಯುವವರನ್ನು ಕೇಳಬೇಕಾದ ಪ್ರಶ್ನೆಯೂ ಅದೇ.

ಯಂತ್ರ ಎಂಆರ್‌ಐಯದ್ದೇ, ಚಿತ್ರದ ಬದಲು ಪೀಕ್‌ಗಳ ಸಾಲು ಬರುತ್ತದೆ. ಒಂದೊಂದು ರಾಸಾಯನಿಕಕ್ಕೂ ಆ ಸಾಲಿನಲ್ಲಿ ಅದರದೇ ಜಾಗ, ಜಾಗದ ಅಳತೆ ಪಿಪಿಎಂ. ನರಕೋಶದ ಎನ್‌ಎಎ 2.02 ಪಿಪಿಎಂನಲ್ಲಿ, ಕ್ರಿಯಾಟಿನ್ 3.03, ಕೋಲೀನ್ 3.2, ಲ್ಯಾಕ್ಟೇಟ್ 1.33ರಲ್ಲಿ ಜೋಡಿಯಾಗಿ. ಗೆಡ್ಡೆ ಇದ್ದ ಕಡೆ ಎನ್‌ಎಎ ಕುಸಿಯುತ್ತದೆ, ಕೋಲೀನ್ ಏರುತ್ತದೆ. ಆಮ್ಲಜನಕ ಇದ್ದರೂ ಸಕ್ಕರೆಯನ್ನು ಲ್ಯಾಕ್ಟೇಟ್ ಮಾಡಿಬಿಡುವುದು ಗೆಡ್ಡೆಯ ಚಾಳಿ. 1920ರ ದಶಕದಲ್ಲೇ ಒಟ್ಟೊ ವಾರ್‌ಬರ್ಗ್ ಗುರುತಿಸಿದ್ದು.

ಇಲಿಯ ಇಡೀ ಮೆದುಳು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಮನುಷ್ಯರಲ್ಲಿ 2 ಸೆಂಟಿಮೀಟರ್ ಘನದಿಂದ ಸಿಗ್ನಲ್ ತೆಗೆದರೆ ಇಲ್ಲಿ 2 ಮಿಲಿಮೀಟರ್ ಘನ, ಅಂದರೆ ಸಾವಿರದಲ್ಲಿ ಒಂದು ಪಾಲು. ಅದಕ್ಕೇ 7 ಅಥವಾ 9.4 ಟೆಸ್ಲಾದಷ್ಟು ಬಲವಾದ ಮ್ಯಾಗ್ನೆಟ್ ಬೇಕು. 2.5 ಸೆಕೆಂಡಿಗೊಂದರಂತೆ 256 ಸಲ ಅಳೆದು ಕೂಡಿಸಿದರೆ ಹತ್ತು ನಿಮಿಷ ಚಿಲ್ಲರೆ. ಘನ ಬುರುಡೆಯ ಅಂಚಿಗೆ ಜರುಗಿತೋ, ನೆತ್ತಿಯ ಕೊಬ್ಬು 1.3ರಲ್ಲಿ ಬಂದು ಕೂತು ಲ್ಯಾಕ್ಟೇಟನ್ನು ಮುಚ್ಚಿಬಿಡುತ್ತದೆ. ಪ್ರೆಸ್ ಅನ್ನುವ ಅಳತೆಯ ವಿಧಾನದಲ್ಲಿ ಎಕೋ ಟೈಮ್, ಅಂದರೆ ಸಿಗ್ನಲ್ ಹಿಡಿಯುವ ಮೊದಲು ಕಾಯುವ ಹೊತ್ತು, 144 ಮಿಲಿಸೆಕೆಂಡ್ ಇಟ್ಟರೆ ಲ್ಯಾಕ್ಟೇಟಿನ ಪೀಕ್ ತಲೆಕೆಳಗಾಗುತ್ತದೆ, ಕೊಬ್ಬಿನದು ಆಗುವುದಿಲ್ಲ, ಎರಡನ್ನೂ ಬೇರೆ ಗುರುತಿಸಬಹುದು. ಟೆಸ್ಲಾ ಏರಿದಷ್ಟೂ ಈ ಉಪಾಯ ಪೂರ್ತಿ ಕೈಹಿಡಿಯುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಬಿಸಿಲು. ಮತ್ತಿನಲ್ಲಿರುವ ಇಲಿ ಮೈಬಿಸಿ ಉಳಿಸಿಕೊಳ್ಳಲಾರದು. ಒಂದು ಡಿಗ್ರಿ ಇಳಿದರೆ ನೀರಿನ ಪೀಕ್ 0.01 ಪಿಪಿಎಂ ಸರಿಯುತ್ತದೆ, 9.4 ಟೆಸ್ಲಾದಲ್ಲಿ 4 ಹರ್ಟ್ಸ್. ಇಳಿಯುತ್ತಾ ಹೋದರೆ, ಉಳಿದ ಪೀಕ್‌ಗಳನ್ನು ಮುಚ್ಚದಂತೆ ನೀರಿನ ಭಾರೀ ಸಿಗ್ನಲನ್ನು ಅಡಗಿಸುವ ಪಲ್ಸ್ ಗುರಿ ತಪ್ಪತೊಡಗುತ್ತದೆ. ಹಾಗಾಗಿ ಕೆಳಗೆ ಬಿಸಿನೀರು ಹರಿಯುವ ಹಾಸು, ಗುದದಲ್ಲಿ ತಾಪಮಾಪಕ, 37 ಡಿಗ್ರಿಗೆ ಕಾವಲು.

ಇದಕ್ಕಿಂತ ಕಳ್ಳ ಬಿಸಿಲು ಐಸೊಫ್ಲುರೇನ್. ಇಲಿಯನ್ನು ಮಲಗಿಸುವ ಆ ಅನಿಲವೇ ಗೆಡ್ಡೆಯಿಲ್ಲದ ಮೆದುಳಲ್ಲೂ ಲ್ಯಾಕ್ಟೇಟ್ ಏರಿಸುತ್ತದೆ. ಒಂದು ಇಲಿಗೆ 1.5 ಪರ್ಸೆಂಟ್, ಇನ್ನೊಂದಕ್ಕೆ 2. ಒಂದು ಇಪ್ಪತ್ತು ನಿಮಿಷ ಮತ್ತಿನಲ್ಲಿತ್ತು, ಇನ್ನೊಂದು ಒಂದು ಗಂಟೆ. ಆಮೇಲೆ ಎರಡನ್ನೂ ಹೋಲಿಸಿದರೆ ಅಳೆದದ್ದು ಗೆಡ್ಡೆಯನ್ನೋ, ಅನಿಲವನ್ನೋ? ಅದೇ ಮೆದುಳಿನ ಇನ್ನೊಂದು ಪಕ್ಕದಲ್ಲಿ ಅಷ್ಟೇ ಗಾತ್ರದ ಘನ ಇಟ್ಟು ಅಳೆಯಬೇಕು, ಗೆಡ್ಡೆಯಿಲ್ಲದ ಇಲಿಯನ್ನೂ ಅದೇ ಅನಿಲದಲ್ಲಿ ಅಷ್ಟೇ ಹೊತ್ತು ಮಲಗಿಸಿ ನೋಡಬೇಕು. ಲ್ಯಾಕ್ಟೇಟಿನ ಕೆಂಪು ನಕ್ಷೆಯನ್ನು ಪರದೆ ತುಂಬ ತೋರಿಸಿ, ಮತ್ತಿನ ಪ್ರಮಾಣ ಕೇಳಿದರೆ ಮುಖ ಗಂಟಿಕ್ಕುವವರಿಗಿಂತ ಕಣದ ಆ ಹುಡುಗನೇ ವಾಸಿ.

ಯಾಕೆಂದರೆ ಅವನು ಇನ್ನೊಂದು ಹಿಡಿ ಚೆರಿ ತೆಗೆದು ಜಗಲಿಯ ನೆರಳಿನಲ್ಲಿಟ್ಟು, ಕಾಫಿ ಕುಡಿದು, ಮತ್ತೆ ಅಳೆದ. ಹನ್ನೊಂದೂವರೆ. ಮಾವ ಮೀಟರಿನ ಕಡೆ ನೋಡಲೇ ಇಲ್ಲ. ನಾಲ್ಕು ಚೆರಿಯನ್ನು ಮುಷ್ಟಿಯಲ್ಲಿಟ್ಟು ಕಿವಿಯ ಹತ್ತಿರ ಕುಲುಕಿ, "ಇನ್ನೊಂದು ದಿನ ಒಣಗ್ಲಿ" ಅಂದರು.